ವಾಗ್ಲೆ ಕಿ ದುನಿಯಾ ನೋಡುತ್ತಿದ್ದವರು ಇಲ್ಲಿ ಯಾರಾದರೂ ಇದ್ದೀರಾ?

ಒಂಟಿಕೊಪ್ಪಲಿನವನು:

ದೂರದರ್ಶನದ ಹಳೇ ಧಾರಾವಾಹಿ ಅಂದ ತಕ್ಷಣ ಎಲ್ಲರ ಬಾಯಲ್ಲೂ ರಾಮಾಯಣ, ಮಹಾಭಾರತ, ಮಾಲ್ಗುಡಿ ಡೇಸ್ ಬರುತ್ತವೆ. ಬರಲೇಬೇಕು. ಆದರೆ ನನಗೆ ಅವೆಲ್ಲಕ್ಕಿಂತ ಹತ್ತಿರದ್ದು 'ವಾಗ್ಲೆ ಕಿ ದುನಿಯಾ'. ಅದರ ಬಗ್ಗೆ ಕನ್ನಡದಲ್ಲಿ ಯಾರೂ ಜಾಸ್ತಿ ಮಾತಾಡಿದ್ದು ಕಂಡಿಲ್ಲ. ಅದಕ್ಕೇ ಈ ಚರ್ಚೆ ಶುರು ಮಾಡುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. 1988ರಲ್ಲಿ ದೂರದರ್ಶನದಲ್ಲಿ ಬಂದ ಹಿಂದಿ ಧಾರಾವಾಹಿ. ಕುಂದನ್ ಶಾ ನಿರ್ದೇಶನ, ದುರ್ಗಾ ಖೋಟೆಯವರ ನಿರ್ಮಾಣ. ಶ್ರೀನಿವಾಸ ವಾಗ್ಲೆಯಾಗಿ ಅಂಜನ್ ಶ್ರೀವಾಸ್ತವ್, ಹೆಂಡತಿ ರಾಧಿಕಾ ಆಗಿ ಭಾರತಿ ಆಚ್ರೇಕರ್. ಬಾಂಬೆಯ ಒಬ್ಬ ಗುಮಾಸ್ತ, ಅವನ ಸಂಸಾರ, ಅವನ ಆಫೀಸು, ತಿಂಗಳ ಸಂಬಳ. ಇಷ್ಟೇ ಬಂಡವಾಳ. ಈ ಪಾತ್ರಗಳ ಮೂಲ ನಮ್ಮ ಮೈಸೂರಿನ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಅವರದು.

ನಮ್ಮ ಮನೆಯಲ್ಲಿ ಹಿಂದಿ ಸರಿಯಾಗಿ ಬರುತ್ತಿದ್ದದ್ದು ಅಕ್ಕನಿಗೆ ಮಾತ್ರ. ಅವಳು ಹಿಂದಿ ಪ್ರಚಾರ ಸಭೆಯ ಪರೀಕ್ಷೆ ಕಟ್ಟುತ್ತಿದ್ದಳು. ಅಜ್ಜಿಗೆ ಒಂದಕ್ಷರವೂ ಬಾರದು. ಆದರೂ ವಾಗ್ಲೆ ಬಂದಾಗ ಅಜ್ಜಿ ಅಡುಗೆಮನೆ ಬಿಟ್ಟು ಬಂದು ಕೂರುತ್ತಿದ್ದರು. 'ಪಾಪ, ಇವನಿಗೆ ಬಾಯಿಲ್ಲ ಕಣೇ' ಅನ್ನುತ್ತಿದ್ದರು. ಅವನ ಮುಖ ನೋಡಿಯೇ ಅವರಿಗೆ ಎಲ್ಲ ತಿಳಿಯುತ್ತಿತ್ತು. ಆಫೀಸಿನಲ್ಲಿ ಮೇಲಿನವರು ಏನೋ ಕೇಳುತ್ತಾರೆ. ವಾಗ್ಲೆಯ ಬಾಯಿ ತೆರೆಯುತ್ತದೆ. ಒಂದು ಮಾತು ತುಟಿವರೆಗೂ ಬರುತ್ತದೆ. ಅದನ್ನು ನುಂಗಿಕೊಂಡು ಒಂದು ಸಣ್ಣ ನಗೆ ನಗುತ್ತಾನೆ. ಆ ನುಂಗಿದ ಮಾತು ಏನು ಅಂತ ನೋಡುವವರಿಗೆಲ್ಲ ಗೊತ್ತು. ನಗು ಬರುತ್ತಿದ್ದದ್ದೇ ಅಲ್ಲಿ.

ನನ್ನ ಪ್ರಶ್ನೆ ಇಷ್ಟು. ದೊಡ್ಡ ತಿರುವಿಲ್ಲ, ಖಳನಾಯಕನಿಲ್ಲ, ಬಿದ್ದು ಬಿದ್ದು ನಗುವಂಥ ಜೋಕೂ ಇಲ್ಲ. ಆದರೂ ಈ ಸಂಸಾರ ನಮ್ಮನ್ನು ಯಾಕೆ ಬಿಟ್ಟು ಹೋಗಿಲ್ಲ?

ಡೊಂಬಿವಲಿ ಕನ್ನಡಿಗ:

ಸರ್, ಈ ವಿಷಯ ತೆಗೆದಿದ್ದಕ್ಕೆ ದೊಡ್ಡ ನಮಸ್ಕಾರ. ನಾನು ಹುಟ್ಟಿದ್ದು ಅಂಕೋಲೆಯ ಕಡೆ, ಬೆಳೆದದ್ದು ಡೊಂಬಿವಲಿಯಲ್ಲಿ. ಅಪ್ಪ ಬಾಂಬೆಯ ಫೋರ್ಟ್‌ನ ಒಂದು ಖಾಸಗಿ ಆಫೀಸಿನಲ್ಲಿ ಗುಮಾಸ್ತರು. ನಮಗೆ ವಾಗ್ಲೆ ಟಿವಿಯೊಳಗಿನವನು ಅನಿಸುತ್ತಲೇ ಇರಲಿಲ್ಲ. ಹೆಸರು ಕೂಡ ನಮ್ಮ ಕಡೆಯದೇ. ಗೋವಾ, ಕಾರವಾರ ಕಡೆಯ ಸಾರಸ್ವತರಲ್ಲಿ ವಾಗ್ಲೆ ಅನ್ನುವ ಮನೆತನದವರು ಬೇಕಾದಷ್ಟು ಜನ ಇದ್ದಾರೆ.

ಆ ಧಾರಾವಾಹಿ ಅರ್ಥ ಆಗಬೇಕಾದರೆ ಆ ಕಾಲದ ಸಂಬಳದ ದಿನ ಗೊತ್ತಿರಬೇಕು. ಅಪ್ಪ ಸಂಬಳದ ಕವರ್ ತಂದು ಮೊದಲು ದೇವರ ಮುಂದೆ ಇಡುತ್ತಿದ್ದರು. ಆಮೇಲೆ ನೆಲದ ಮೇಲೆ ಚಕ್ಕಳ ಮಕ್ಕಳ ಹಾಕಿ ಕೂತು ಹಳೇ ಲಗ್ನಪತ್ರಿಕೆಯ ಲಕೋಟೆಗಳಿಗೆ ಹಣ ಹಂಚುತ್ತಿದ್ದರು. ಒಂದರ ಮೇಲೆ 'ಹಾಲು', ಒಂದರ ಮೇಲೆ 'ಬಾಡಿಗೆ', ಒಂದರ ಮೇಲೆ 'ಫೀಸು', ಒಂದರ ಮೇಲೆ 'ಎಲ್‌ಐಸಿ'. ಕೊನೆಯ ಲಕೋಟೆಯ ಮೇಲೆ ಏನೂ ಬರೆದಿರುತ್ತಿರಲಿಲ್ಲ. ಅದು ಊರಿನ ಅಜ್ಜನಿಗೆ ಮನಿಯಾರ್ಡರ್. ತಿಂಗಳ ಕೊನೆಗೆ 'ಫೀಸು' ಲಕೋಟೆಯಿಂದ 'ಹಾಲು' ಲಕೋಟೆಗೆ ಸಾಲ ಹೋಗುತ್ತಿತ್ತು. ಅಮ್ಮ ಅದನ್ನು ಪೆನ್ಸಿಲ್‌ನಲ್ಲಿ ಲಕೋಟೆಯ ಮೇಲೆಯೇ ಬರೆದಿಡುತ್ತಿದ್ದಳು.

ಟೆಲಿಫೋನ್ ಬೇಕೆಂದರೆ ವರ್ಷಗಟ್ಟಲೆ ಕಾಯಬೇಕು. ಸ್ಕೂಟರ್ ಬುಕ್ ಮಾಡಿ ವರ್ಷಗಟ್ಟಲೆ ಕಾಯಬೇಕು. ಗ್ಯಾಸ್ ಖಾಲಿಯಾದರೆ ಪಕ್ಕದ ಮನೆಯಿಂದ ಸಿಲಿಂಡರ್ ಎರವಲು. ಇಂಥ ಬದುಕಿನಲ್ಲಿ ಒಂದು ಅನಿರೀಕ್ಷಿತ ಖರ್ಚು ಬಂದರೆ ಸಾಕು, ಇಡೀ ಮನೆ ಅಲುಗಾಡುತ್ತಿತ್ತು. ವಾಗ್ಲೆಯ ಮನೆಯ ಕಥೆಯೂ ಹಾಗೆಯೇ. ಬೇರೆಯವರಿಗೆ ಅದು ಹಾಸ್ಯ. ನಮ್ಮ ಮನೆಯಲ್ಲಿ ವಾಗ್ಲೆಗೆ ದುಡ್ಡಿನ ಪೇಚು ಬಂದಾಗ ಅಪ್ಪ ನಗು ನಿಲ್ಲಿಸಿ ಅಮ್ಮನ ಕಡೆ ನೋಡುತ್ತಿದ್ದರು. ಅಮ್ಮ ನಗುತ್ತಿದ್ದಳು. ಆಮೇಲೆ ಅಪ್ಪನೂ ನಗುತ್ತಿದ್ದರು.

ಕೊರವಂಜಿ ಓದುಗ:

ಒಂಟಿಕೊಪ್ಪಲಿನವರೇ, ನಿಮ್ಮ ಅಜ್ಜಿ ಹೇಳಿದ 'ಇವನಿಗೆ ಬಾಯಿಲ್ಲ' ಅನ್ನುವ ಮಾತು ಇದೆಯಲ್ಲ, ವಿಷಯದ ಬೇರು ಅಲ್ಲೇ ಇದೆ.

ಲಕ್ಷ್ಮಣ್ ಅವರ 'ಕಾಮನ್ ಮ್ಯಾನ್' ನೆನಪು ಮಾಡಿಕೊಳ್ಳಿ. ಬೋಳುತಲೆ, ಕನ್ನಡಕ, ಪೊದೆಮೀಸೆ, ಪಂಚೆ, ಚೌಕಳಿ ಕೋಟು. 1951ರಿಂದ ಟೈಮ್ಸ್ ಆಫ್ ಇಂಡಿಯಾದಲ್ಲಿ ದಿನಾ ಬರುತ್ತಿದ್ದ ಆ ಪುಟ್ಟ ಚಿತ್ರದಲ್ಲಿ ಅವನು ಎಲ್ಲ ಕಡೆ ಇರುತ್ತಾನೆ. ಮಂತ್ರಿಗಳ ಸಭೆಯಲ್ಲಿ, ಆಸ್ಪತ್ರೆಯಲ್ಲಿ, ಹಳ್ಳ ಬಿದ್ದ ರಸ್ತೆಯಲ್ಲಿ. ಆದರೆ ಒಂದು ಮಾತೂ ಆಡುವುದಿಲ್ಲ. ನೋಡುತ್ತಾನೆ, ಅಷ್ಟೇ. ಸುತ್ತಲಿನವರು ಮಾತಾಡುತ್ತಾರೆ, ಓದುವ ನಾವು ಅವನ ಹುಬ್ಬು ನೋಡಿ ನಗುತ್ತೇವೆ.

ಈಗ ಟಿವಿಗೆ ಬನ್ನಿ. ಟಿವಿಯಲ್ಲಿ ಮಾತಾಡದ ನಾಯಕನನ್ನು ಇಟ್ಟುಕೊಂಡು ಕಂತಿನ ಮೇಲೆ ಕಂತು ನಡೆಸಲು ಆಗುವುದಿಲ್ಲ. ವಾಗ್ಲೆ ಮಾತಾಡಲೇಬೇಕು. ಹಾಗಾದರೆ ಲಕ್ಷ್ಮಣ್ ಗೆರೆಯ ಗುಣ ಉಳಿಸಿಕೊಳ್ಳುವುದು ಹೇಗೆ? ನನ್ನ ಪ್ರಕಾರ ಕುಂದನ್ ಶಾ ಮತ್ತು ಅಂಜನ್ ಶ್ರೀವಾಸ್ತವ್ ಇಬ್ಬರೂ ಸೇರಿ ಇದಕ್ಕೆ ಒಂದು ದಾರಿ ಕಂಡುಕೊಂಡರು. ವಾಗ್ಲೆ ಮಾತಾಡುತ್ತಾನೆ, ಆದರೆ ಆಡಬೇಕಾದ ಮಾತನ್ನು ಬಿಟ್ಟು ಬೇರೆಲ್ಲ ಆಡುತ್ತಾನೆ. ಅಸಲಿ ಮಾತು ಒಳಗೇ ಉಳಿಯುತ್ತದೆ. ಹಾಗಾಗಿ ಬಾಯಿದ್ದರೂ ಅವನು ಆ ಕಾಮನ್ ಮ್ಯಾನ್‌ನ ವಂಶದವನೇ.

ಲಕ್ಷ್ಮಣ್ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು. ಅವರು ಹುಟ್ಟಿದ್ದು 1921ರಲ್ಲಿ, ಮೈಸೂರಿನಲ್ಲಿ. ಓದಿದ್ದು ಮಹಾರಾಜ ಕಾಲೇಜಿನಲ್ಲಿ. ಬಾಂಬೆಯ ಜೆ.ಜೆ. ಕಲಾಶಾಲೆಯಲ್ಲಿ ಅವರಿಗೆ ಸೀಟು ಸಿಕ್ಕಿರಲಿಲ್ಲ. ಶಾಲೆಯಲ್ಲಿ ಅರಳಿ ಎಲೆ ಬರೆದಾಗ ಮೇಷ್ಟ್ರು ಹೊಗಳಿದ್ದೇ ತನ್ನನ್ನು ಚಿತ್ರಕಾರನನ್ನಾಗಿ ಮಾಡಿತು ಅನ್ನುವ ಪ್ರಸಂಗವನ್ನು ಅವರೇ ಹೇಳಿಕೊಂಡಿದ್ದಾರೆ. ರಾಶಿಯವರು (ಡಾ. ಎಂ. ಶಿವರಾಂ) 1942ರಲ್ಲಿ ಶುರು ಮಾಡಿದ ನಮ್ಮ 'ಕೊರವಂಜಿ' ಹಾಸ್ಯಪತ್ರಿಕೆಗೂ ಅವರು ಚಿತ್ರ ಬರೆದುಕೊಟ್ಟವರು. ಯಾರನ್ನೂ ನೋಯಿಸದ, ಮನೆಯ ಪಡಸಾಲೆಯಲ್ಲಿ ಎಲ್ಲರೂ ಕೂತು ಓದಬಹುದಾದ ಹಾಸ್ಯ ಕೊರವಂಜಿಯದು. ವಾಗ್ಲೆಯ ಮನೆಯಲ್ಲೂ ನನಗೆ ಅದೇ ಗಾಳಿ ಬೀಸಿದ ಹಾಗಾಗುತ್ತದೆ. ಮರಾಠಿ ಹೆಸರು, ಹಿಂದಿ ಮಾತು, ಬಾಂಬೆ ಮನೆ, ಆದರೆ ನಗಿಸುವ ರೀತಿ ಹಳೇ ಮೈಸೂರಿನದು. ಇದನ್ನು ಯಾರು ಒಪ್ಪದಿದ್ದರೂ ನಾನು ಬಿಟ್ಟುಕೊಡುವವನಲ್ಲ.

ಅಂದಹಾಗೆ, 1988ರಲ್ಲೇ ಕಾಮನ್ ಮ್ಯಾನ್ ಅಂಚೆಚೀಟಿಯ ಮೇಲೂ ಬಂದ. ಟೈಮ್ಸ್ ಆಫ್ ಇಂಡಿಯಾದ 150 ವರ್ಷದ ನೆನಪಿಗೆ. ಆಮೇಲೆ ನಮ್ಮ ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ಕಡಿಮೆ ದರದ ಏರ್ ಡೆಕ್ಕನ್ ವಿಮಾನ ಹಾರಿಸಿದಾಗ ಅದರ ಗುರುತಾಗಿಯೂ ಇದೇ ಕಾಮನ್ ಮ್ಯಾನ್ ಬಂದ.

ಧಾರವಾಡದಾಕಿ:

ಎಲ್ಲರೂ ವಾಗ್ಲೆ ವಾಗ್ಲೆ ಅನ್ನುತ್ತಿದ್ದೀರಿ. ರಾಧಿಕಾನ ಯಾರು ಮಾತಾಡಿಸಬೇಕು?

ಡೊಂಬಿವಲಿ ಅಣ್ಣಾ, ನಿಮ್ಮ ಬರಹದಲ್ಲೇ ಉತ್ತರ ಇದೆ ನೋಡಿ. ಲಕೋಟೆಗೆ ಹಣ ಹಾಕಿದವರು ನಿಮ್ಮ ಅಪ್ಪ. ಯಾವ ಲಕೋಟೆಯಿಂದ ಯಾವುದಕ್ಕೆ ಎಷ್ಟು ಹೋಯಿತು ಅಂತ ಬರೆದಿಟ್ಟವರು ನಿಮ್ಮ ಅಮ್ಮ. ಮನೆ ನಡೆಸಿದ್ದು ಆ ಪೆನ್ಸಿಲ್ಲು.

ರಾಧಿಕಾ ಬೈಯುತ್ತಾಳೆ, ಗೊಣಗುತ್ತಾಳೆ, ಸಿಟ್ಟು ಮಾಡಿಕೊಳ್ಳುತ್ತಾಳೆ. ಆದರೆ ಗಂಡನನ್ನು ಒಮ್ಮೆಯೂ ಕೀಳಾಗಿ ಕಾಣುವುದಿಲ್ಲ. ಇದು ಸಣ್ಣ ವಿಷಯ ಅಲ್ಲರೀ. ಆ ಕಾಲದ ಹಾಸ್ಯದಲ್ಲಿ ಹೆಂಡತಿ ಅಂದರೆ ಲಟ್ಟಣಿಗೆ ಹಿಡಿದವಳು, ಸೀರೆ ಕೇಳುವವಳು, ತವರಿನ ಹೆಸರು ಹೇಳಿ ಹೆದರಿಸುವವಳು. ಭಾರತಿ ಆಚ್ರೇಕರ್ ಅಂಥ ಹೆಂಡತಿಯನ್ನು ಮಾಡಲಿಲ್ಲ. ಅವರ ರಾಧಿಕಾ ಬುದ್ಧಿವಂತೆ. ಗಂಡ ಎಲ್ಲಿ ಸೋಲುತ್ತಾನೆ ಅಂತ ಅವನಿಗಿಂತ ಮೊದಲೇ ಅವಳಿಗೆ ಗೊತ್ತು. ಆದರೂ ಸೋಲಲು ಬಿಡುತ್ತಾಳೆ, ಆಮೇಲೆ ಊಟಕ್ಕೆ ಕರೆಯುತ್ತಾಳೆ.

ಆಚ್ರೇಕರ್ ಅವರು ಹಾಡುಗಾರ್ತಿ ಮಾಣಿಕ್ ವರ್ಮಾ ಅವರ ಮಗಳು. ಅವರ ದನಿಯಲ್ಲಿ ಏರಿಳಿತ ಹೇಗಿರುತ್ತದೆ ಕೇಳಿ. ಒಂದೇ ವಾಕ್ಯದಲ್ಲಿ ಸಿಟ್ಟು ಶುರುವಾಗಿ ಅಕ್ಕರೆಯಲ್ಲಿ ಮುಗಿಯುತ್ತದೆ. 2013ರ 'ದಿ ಲಂಚ್‌ಬಾಕ್ಸ್' ಚಿತ್ರದಲ್ಲಿ ಮೇಲಿನ ಮನೆಯ ದೇಶಪಾಂಡೆ ಆಂಟಿಯ ಮುಖ ಒಮ್ಮೆಯೂ ಕಾಣುವುದಿಲ್ಲ, ದನಿ ಮಾತ್ರ. ಥಿಯೇಟರಿನಲ್ಲಿ ಆ ದನಿ ಬಂದ ಕೂಡಲೇ ನಮ್ಮ ಅವ್ವ 'ಇಕಿ ರಾಧಿಕಾ ಅಲ್ಲೇನ?' ಅಂದಳು. ಅಷ್ಟು ವರ್ಷ ಆದ ಮೇಲೂ ಹಿಡಿದಳು.

ಆಂಟೆನಾ ರಾಯರು:

ಟಿವಿ ರಿಪೇರಿ ಅಂಗಡಿ ಇಟ್ಟಿದ್ದವನು ನಾನು, ಹಾಸನದಲ್ಲಿ. ಆ ಕಾಲದ ಬಗ್ಗೆ ಸ್ವಲ್ಪ ಹೇಳುತ್ತೇನೆ.

ಆಗ ಧಾರಾವಾಹಿ ಅಂದರೆ ಪ್ರಾಯೋಜಕರ ದುಡ್ಡು. ಕಂಪನಿಯವರು ಖರ್ಚು ಕೊಡಬೇಕು, ಬದಲಿಗೆ ಅವರ ಜಾಹೀರಾತು ಹಾಕುತ್ತಾರೆ. 1984ರಲ್ಲಿ 'ಯೇ ಜೋ ಹೈ ಜಿಂದಗಿ' ಬಂದಾಗ ವಿಕ್ಕೋ ಜಾಹೀರಾತು ಮಕ್ಕಳಿಗೆಲ್ಲ ಬಾಯಿಪಾಠ ಆಗಿತ್ತು. ಸಾಮಾನ್ಯವಾಗಿ 13 ಕಂತಿಗೆ ಒಪ್ಪಿಗೆ. ವಾರಕ್ಕೊಂದು ಕಂತು. ಬರೆಯುವವರಿಗೂ ಮಾಡುವವರಿಗೂ ಕೈಯಲ್ಲಿ ಸಮಯ ಇರುತ್ತಿತ್ತು. ಬರವಣಿಗೆ ಗಟ್ಟಿ ಇತ್ತು ಅನ್ನುವುದಕ್ಕೆ ಇದೂ ಒಂದು ಕಾರಣ.

ಕುಂದನ್ ಶಾ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಕಲಿತವರು. 'ಯೇ ಜೋ ಹೈ ಜಿಂದಗಿ'ಯಲ್ಲೂ ಇದ್ದರು, ಬೀದಿಮೂಲೆಯ ಬಡವರ ಕಥೆ ಹೇಳಿದ 'ನುಕ್ಕಡ್'ನಲ್ಲೂ ಇದ್ದರು. ಮೊದಲನೆಯದು ಅನುಕೂಲಸ್ಥ ಗಂಡಹೆಂಡಿರ ಮನೆ. ಎರಡನೆಯದು ಬೀದಿ. ಎರಡನ್ನೂ ಕಂಡವರು ಮೂರನೆಯದಾಗಿ ವಾಗ್ಲೆಯ ಮನೆಗೆ ಬಂದರು. ಮನೆಯಿದೆ, ಆದರೆ ಬೀದಿಗೆ ಬರುವ ಭಯವೂ ಇದೆ. ನಡುವಿನವರ ಆ ಭಯವನ್ನು ಅಷ್ಟು ಚೆನ್ನಾಗಿ ತೋರಿಸಿದವರು ಇನ್ನೊಬ್ಬರು ನನಗೆ ಕಂಡಿಲ್ಲ.

ನೋಡುವ ಕಷ್ಟ ಬೇರೆ. ಸಿಗ್ನಲ್ ಬಾರದ ಕಡೆ ಬೂಸ್ಟರ್ ಹಾಕಬೇಕು. ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರುತ್ತಿದ್ದ ದೂರು ಒಂದೇ: 'ರಾಯರೇ, ಚಿತ್ರ ಬರೀ ಮಚ್ಚೆ ಮಚ್ಚೆ'. ಮೇಲೆ ಹತ್ತಿ ಆಂಟೆನಾ ತಿರುಗಿಸುತ್ತಾ 'ಬಂತಾ?' ಅಂತ ಕೂಗುವುದು, ಕೆಳಗಿನಿಂದ 'ಇನ್ನೂ ಸ್ವಲ್ಪ ಎಡಕ್ಕೆ' ಅನ್ನುವುದು. ಹಾಗೆ ಕಷ್ಟಪಟ್ಟು ನೋಡಿದ್ದು ಮನಸ್ಸಿನಲ್ಲಿ ಉಳಿಯುತ್ತದೆ.

ಪಾಪ ಪಾಂಡು ಪೀಳಿಗೆ:

ಹಿರಿಯರೇ, ನಾನು ಹುಟ್ಟಿದ್ದೇ 1994ರಲ್ಲಿ. ನನ್ನ ಪಾಲಿಗೆ ಸಂಸಾರದ ಹಾಸ್ಯ ಅಂದರೆ ಈಟಿವಿ ಕನ್ನಡದ 'ಪಾಪ ಪಾಂಡು' ಮತ್ತು 'ಸಿಲ್ಲಿ ಲಲ್ಲಿ'. ಸಿಹಿಕಹಿ ಚಂದ್ರು ನಿರ್ದೇಶನದ ಪಾಪ ಪಾಂಡುವಿನಲ್ಲಿ ಪಾಂಡು ಆಗಿ ಚಿದಾನಂದ್, ಪಾಚು ಆಗಿ ಶಾಲಿನಿ. ವಿಜಯಪ್ರಸಾದ್ ನಿರ್ದೇಶನದ ಸಿಲ್ಲಿ ಲಲ್ಲಿಯಲ್ಲಿ ರವಿಶಂಕರ್ ಗೌಡರ ಡಾಕ್ಟರ್ ವಿಠಲ್ ರಾವ್, ಮಂಜುಭಾಷಿಣಿಯವರ ಸಮಾಜಸೇವಕಿ ಲಲಿತಾಂಬ. ಸ್ಕೂಲಿನಿಂದ ಬಂದು ಬ್ಯಾಗ್ ಬಿಸಾಡಿ ನೋಡುತ್ತಿದ್ದೆವು. ಇವತ್ತಿಗೂ ನಮ್ಮ ಗೆಳೆಯರ ಗುಂಪಿನಲ್ಲಿ ಯಾರಾದರೂ ಡಾಕ್ಟರ್ ಆದರೆ ಅವನಿಗೆ ವಿಠಲ್ ರಾವ್ ಅಂತಲೇ ಹೆಸರು.

ಈ ಚರ್ಚೆ ಓದಿ ನಿನ್ನೆ ರಾತ್ರಿ ವಾಗ್ಲೆಯ ಕೆಲವು ಹಳೇ ಕಂತು ಹುಡುಕಿ ನೋಡಿದೆ. ನಿಜ ಹೇಳಲಾ? ಮೊದಲು ನಿಧಾನ ಅನಿಸಿತು. ನಗಬೇಕಾದ ಜಾಗ ಯಾವುದು ಅಂತ ಯಾರೂ ಹೇಳಿಕೊಡುವುದಿಲ್ಲ. ಆದರೆ ಒಂದು ಕಂತಿನಲ್ಲಿ ಶಾರುಖ್ ಖಾನ್ ಇದ್ದಾರೆ! ಕಾರಿನಲ್ಲಿ ಬಂದು ವಾಗ್ಲೆಗೆ ಗುದ್ದುವ ಹುಡುಗ. ಆಮೇಲೆ ಅಷ್ಟು ದೊಡ್ಡ ನಟನಾದವರು ಇಲ್ಲಿ ಒಂದು ಸಣ್ಣ ಪಾತ್ರ ಮಾಡಿ ಹೋಗಿದ್ದಾರೆ.

ನನಗೆ ಅನಿಸಿದ್ದು: ಪಾಂಡು ಕೂಡ ವಾಗ್ಲೆಯ ತಮ್ಮನೇ ಅಲ್ವಾ? ಮನೆಯಲ್ಲೂ ಪಾಪ, ಹೊರಗೂ ಪಾಪ.

ಒಂಟಿಕೊಪ್ಪಲಿನವನು:

ತಮ್ಮಾ, ನೀನು ಹುಡುಕಿ ನೋಡಿದ್ದು ಕೇಳಿ ತುಂಬಾ ಸಂತೋಷ ಆಯಿತು.

ಪಾಂಡು ವಾಗ್ಲೆಯ ತಮ್ಮ ಅನ್ನುವುದನ್ನು ಅರ್ಧ ಒಪ್ಪುತ್ತೇನೆ. ಪಾಪ ಪಾಂಡು ನಮ್ಮ ಮನೆಯಲ್ಲೂ ನಡೆಯುತ್ತಿತ್ತು, ಶಾಲಿನಿಯವರ ಮಾತಿನ ಭರಾಟೆಗೆ ನಾನೂ ಮಾರುಹೋದವನೇ. ಆದರೆ ಅದು ದಿನಾ ಬರುತ್ತಿದ್ದ ಧಾರಾವಾಹಿ. ದಿನಾ ಬರುವವರಿಗೆ ನೋಡಿದ ಕೂಡಲೇ ಗುರುತು ಸಿಗುವ ಮಾತು, ಗುರುತು ಸಿಗುವ ವರಸೆ ಬೇಕಾಗುತ್ತದೆ. ಪಾಂಡು ಪೇಚಿಗೆ ಸಿಕ್ಕಿದರೆ ಅದು ಅವನ ಅವಾಂತರ, ನಾವು ಆರಾಮವಾಗಿ ಕೂತು ನಗಬಹುದು. ವಾಗ್ಲೆ ಪೇಚಿಗೆ ಸಿಕ್ಕಿದರೆ ಹಾಗಲ್ಲ. ನಾಳೆ ನಮಗೂ ಇದೇ ಗತಿ ಅಂತ ಒಳಗೆ ಒಂದು ಅಳುಕು ಇರುತ್ತದೆ. ಎರಡೂ ಒಳ್ಳೆಯ ಹಾಸ್ಯವೇ. ಆದರೆ ಎರಡರ ರುಚಿ ಬೇರೆ.

ಕೊರವಂಜಿ ಓದುಗರೇ, ನೀವು ಹೇಳಿದ ಕಾಮನ್ ಮ್ಯಾನ್ ವಿಷಯ ಓದಿ ಮೈ ಜುಮ್ಮೆಂದಿತು. ಅಜ್ಜಿ ಲಕ್ಷ್ಮಣ್ ಅವರ ಒಂದು ಚಿತ್ರವನ್ನೂ ನೋಡಿದವರಲ್ಲ, ಇಂಗ್ಲಿಷ್ ಪೇಪರ್ ನಮ್ಮ ಮನೆಗೆ ಬರುತ್ತಲೇ ಇರಲಿಲ್ಲ. ಟಿವಿ ನೋಡಿಯೇ ಅದನ್ನು ಹಿಡಿದರು.

ಬೆಳ್ಳಂದೂರು ಫ್ಲ್ಯಾಟ್:

2021ರಲ್ಲಿ ಸೋನಿ ಸಬ್‌ನಲ್ಲಿ ಶುರುವಾದ ಹೊಸ ವಾಗ್ಲೆಯ ಬಗ್ಗೆ ಯಾರೂ ಹೇಳಲಿಲ್ಲವಲ್ಲ? ಅದರಲ್ಲಿ ಮಗ ರಾಜೇಶ್ ವಾಗ್ಲೆಯ ಸಂಸಾರದ ಕಥೆ. ಸುಮಿತ್ ರಾಘವನ್ ಮಾಡಿದ್ದಾರೆ. ಅಂಜನ್ ಶ್ರೀವಾಸ್ತವ್, ಭಾರತಿ ಆಚ್ರೇಕರ್ ಇಬ್ಬರೂ ಅದೇ ಶ್ರೀನಿವಾಸ, ಅದೇ ರಾಧಿಕಾ ಆಗಿ ವಾಪಸ್ ಬಂದಿದ್ದಾರೆ, ಈಗ ಅಜ್ಜ ಅಜ್ಜಿ. ಮೂವತ್ತು ವರ್ಷದ ಮೇಲೆ ಅದೇ ನಟರು ಅದೇ ಪಾತ್ರಕ್ಕೆ ಬರುವುದು ಎಲ್ಲಿ ಸಿಗುತ್ತದೆ ಹೇಳಿ? ಕೊರೋನಾ ಕಾಲದಲ್ಲಿ ನಮ್ಮ ಅತ್ತೆ, ನಾನು, ನನ್ನ ಮಗಳು ಮೂವರೂ ಒಟ್ಟಿಗೆ ಕೂತು ನೋಡಿದ ಧಾರಾವಾಹಿ ಅದೊಂದೇ.

ಕೊರವಂಜಿ ಓದುಗ:

ಮೇಡಂ, ಆ ಇಬ್ಬರನ್ನು ಮತ್ತೆ ನೋಡಿದ್ದು ನನಗೂ ಖುಷಿ ಕೊಟ್ಟಿತು. ಆದರೆ ಹೊಸದರಲ್ಲಿ ಪ್ರತಿ ಕಥೆಯ ಕೊನೆಗೆ ಒಂದು ಬುದ್ಧಿಮಾತು ಇರುತ್ತದೆ. ಹಳೆಯದರಲ್ಲಿ ವಾಗ್ಲೆ ಯಾರಿಗೂ ಬುದ್ಧಿ ಹೇಳುತ್ತಿರಲಿಲ್ಲ. ಲಕ್ಷ್ಮಣ್ ಕೂಡ ಯಾವತ್ತೂ ಹೇಳಲಿಲ್ಲ. ನನ್ನ ತಕರಾರು ಅದೊಂದೇ.

ಬೆಳ್ಳಂದೂರು ಫ್ಲ್ಯಾಟ್:

ಅದನ್ನು ಒಪ್ಪುತ್ತೇನೆ ಸರ್. ಆದರೆ ನನ್ನ ಮಗಳು ಅಜ್ಜ ವಾಗ್ಲೆಯನ್ನು ಇಷ್ಟಪಟ್ಟು ಹಳೆಯದನ್ನು ತೋರಿಸು ಅಂತ ಕೇಳಿದ್ದು ಈ ಹೊಸದರಿಂದಲೇ. ಆ ದಾರಿ ಇದ್ದರೆ ಒಳ್ಳೆಯದೇ ಅಲ್ವಾ?

ಡೊಂಬಿವಲಿ ಕನ್ನಡಿಗ:

ಧಾರವಾಡದ ಅಕ್ಕಾ, ಪೆನ್ಸಿಲ್ ಬಗ್ಗೆ ನೀವು ಹೇಳಿದ್ದನ್ನು ಅಮ್ಮನಿಗೆ ಫೋನಿನಲ್ಲಿ ಓದಿ ಹೇಳಿದೆ. ಅವಳಿಗೆ ಈಗ ಎಂಬತ್ತು ದಾಟಿದೆ. 'ನಿಮ್ಮ ಅಪ್ಪನಿಗೆ ಬಾಯಿ ಇರಲಿಲ್ಲ ಅಂತ ಆಫೀಸಿನವರು ಅಂದುಕೊಂಡಿದ್ದರು, ಮನೆಗೆ ಬಂದು ನನ್ನ ಹತ್ತಿರ ಎಲ್ಲ ಹೇಳುತ್ತಿದ್ದರು' ಅಂದಳು. ವಾಗ್ಲೆಯನ್ನು ಅಪ್ಪ ಯಾಕೆ ಅಷ್ಟು ಇಷ್ಟಪಡುತ್ತಿದ್ದರು ಅಂತ ಕೇಳಿದೆ. ಬಡ್ತಿಯ ವಿಷಯದಲ್ಲಿ ಅಪ್ಪನಿಗೆ ಅನ್ಯಾಯ ಆಗಿತ್ತಂತೆ. ನಮಗೆ ಮಕ್ಕಳಿಗೆ ಗೊತ್ತೇ ಇರಲಿಲ್ಲ. ನಮ್ಮ ಮುಂದೆ ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಟಿವಿಯಲ್ಲಿ ವಾಗ್ಲೆಗೆ ಆಫೀಸಿನಲ್ಲಿ ಅವಮಾನ ಆದಾಗ ಅಪ್ಪ 'ನೋಡು, ನೋಡು' ಅಂತ ಅಮ್ಮನಿಗೆ ತೋರಿಸುತ್ತಿದ್ದರಂತೆ.

ಧಾರವಾಡದಾಕಿ:

ಅಣ್ಣಾ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ. ಆದರೆ ನನಗೆ ಒಂದು ಮಾತು ಇನ್ನೂ ಕೊರೆಯುತ್ತಿದೆ. ವಾಗ್ಲೆ ನುಂಗಿದ ಮಾತನ್ನು ನಾವೆಲ್ಲ ಹೊಗಳುತ್ತಿದ್ದೇವೆ. ಆ ನುಂಗಿದ ಮಾತಿನ ಭಾರ ಮನೆಗೆ ಬಂದ ಮೇಲೆ ಹೊತ್ತವಳು ರಾಧಿಕಾ. ಅವಳು ಯಾರ ಹತ್ತಿರ ಹೇಳಿಕೊಳ್ಳಬೇಕಿತ್ತು? ಆ ಕಥೆಯನ್ನು ದೂರದರ್ಶನವೂ ಮಾಡಲಿಲ್ಲ, ಹೊಸ ಚಾನೆಲ್‌ನವರೂ ಮಾಡಲಿಲ್ಲ. ಕನ್ನಡದಲ್ಲಿ ಯಾರಾದರೂ ಬರೆಯುವವರು ಇದನ್ನು ಓದುತ್ತಿದ್ದರೆ, ವಾರಕ್ಕೊಂದೇ ಕಂತು ಆಗಲಿ, 13 ಕಂತೇ ಆಗಲಿ, ದಯವಿಟ್ಟು ಬರೆಯಿರಿ. ನೋಡಲು ನಾನಂತೂ ಇದ್ದೇನೆ.

ಆಂಟೆನಾ ರಾಯರು:

ನಾನೂ ಇದ್ದೇನೆ ತಾಯಿ.